ಟೈಪ್ ಮಾಡಿ ಮಾಡಿ ಕೈ ಜೋಮು ಹಿಡಿಯುತ್ತಿದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನನ್ನ ಹಳೇ ಕಥೆ ನೆನಪಾಯಿತು. ದಿನಕ್ಕೆ ಎಂಟು ಗಂಟೆ ಕನ್ನಡ ಡೇಟಾ ಎಂಟ್ರಿ, ರಾತ್ರಿ ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಸರಿಹೋಗುತ್ತದೆ ಅಂದಿದ್ದೀರಿ. ಯಾವ ಕೀಬೋರ್ಡ್ ಕೊಳ್ಳಲಿ, ಯಾವ ವ್ಯಾಯಾಮ ಮಾಡಲಿ, ಕೆಲಸ ಬಿಡಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಹದಿನೆಂಟು ವರ್ಷದಿಂದ ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಪುಸ್ತಕದ ಪುಟ ಸಿದ್ಧಪಡಿಸುವ ಕೆಲಸ, ಮಾಡುವವಳು. ಅದರಲ್ಲಿ ಸುಮಾರು ಒಂದು ವರ್ಷ ಕೈ ಕೆಡಿಸಿಕೊಂಡು ಒದ್ದಾಡಿದವಳು.

ಕೀಬೋರ್ಡ್ ಆಮೇಲೆ. ಮೊದಲು ಒಬ್ಬ ಮೂಳೆ ಡಾಕ್ಟರಿಗೋ ನರದ ಡಾಕ್ಟರಿಗೋ ಕೈ ತೋರಿಸಿ. ಮಣಿಕಟ್ಟಿನ ಒಳಗೆ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಿಸುವ ಒಂಬತ್ತು ಟೆಂಡನ್‌ಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು), ಜೊತೆಗೆ ಮೀಡಿಯನ್ ಅನ್ನುವ ನರ, ಎಲ್ಲ ಅದರಲ್ಲೇ ತೂರಿಕೊಂಡು ಹೋಗಬೇಕು. ಅಲ್ಲಿ ಊತ ಬಂದರೆ ಮೊದಲು ನಲುಗುವುದು ನರ. ಇದನ್ನೇ ಕಾರ್ಪಲ್ ಟನಲ್ ಅನ್ನುತ್ತಾರೆ. ನೀವು ಹೇಳಿದ ಮೂರು ಬೆರಳೂ ಆ ನರದ ಪಾಲಿನವು. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡು ಮಲಗುತ್ತೇವೆ, ಅದಕ್ಕೇ ರಾತ್ರಿ ಜಾಸ್ತಿ. ಕಿರುಬೆರಳು ಜೋಮು ಹಿಡಿದಿದ್ದರೆ ಅದು ಬೇರೆ ನರ, ಮೊಣಕೈ ಕಡೆಯೂ ನೋಡಬೇಕಾಗುತ್ತಿತ್ತು. ಯಾವುದು ಅಂತ ಡಾಕ್ಟರೇ ಹೇಳಬೇಕು. ಬೇಕಾದರೆ ನರದ ವೇಗ ಅಳೆಯುವ ಪರೀಕ್ಷೆ ಮಾಡಿಸುತ್ತಾರೆ. ಹಾಗೆಯೇ ಸಕ್ಕರೆ, ಥೈರಾಯ್ಡ್ ಎರಡೂ ಪರೀಕ್ಷೆ ಮಾಡಿಸಿಬಿಡಿ. ಅವು ಇದ್ದವರಿಗೆ, ಬಸುರಿಯರಿಗೆ ಇದು ಬರುವುದು ಹೆಚ್ಚು. ಎಲ್ಲ ತಪ್ಪನ್ನೂ ಕೀಬೋರ್ಡ್ ಮೇಲೆ ಹಾಕೋದು ಬೇಡ.

ನನ್ನದು ಇನ್ನೊಂದು ಬಗೆ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಅಂಚಿಗೆ ನೋವು. ಮೊದಲು ಗೊತ್ತಾಗಿದ್ದು ಬಟ್ಟೆ ಹಿಂಡುವಾಗ. ಆಮೇಲೆ ಕುಕ್ಕರ್ ಎತ್ತಲು ಆಗಲಿಲ್ಲ. ಒಂದು ಕ್ಲಿನಿಕ್‌ನಲ್ಲಿ ಮುಲಾಮು ಹಚ್ಚಿ ಅಂದರು. ಹಚ್ಚಿದೆ, ನೋವಿನ ಮಾತ್ರೆ ನುಂಗಿದೆ, ಕೆಲಸ ಮುಂದುವರಿಸಿದೆ. ಜೂನ್ ಹತ್ತಿರ ಬಂದಿತ್ತು, ಗೈಡ್ ಪುಸ್ತಕಗಳ ಕಾಲ. ಪುಟಕ್ಕಿಷ್ಟು ಅಂತ ದುಡ್ಡು ಬರುವ ಕೆಲಸದಲ್ಲಿ ಕೈಗೆ ಬಿಡುವು ಕೊಟ್ಟರೆ ಆ ತಿಂಗಳ ಸಂಪಾದನೆಯೇ ಕಮ್ಮಿ. ಸುಮ್ನೆ ಕೂರುವುದು ಹೇಗೆ? ಮೆಡಿಕಲ್ ಶಾಪಿನಿಂದ ಬೆಲ್ಟ್ ತಂದು ದಿನವಿಡೀ ಕಟ್ಟಿಕೊಂಡು ಟೈಪ್ ಮಾಡಿದೆ. ಅದು ಇನ್ನೂ ದೊಡ್ಡ ತಪ್ಪು. ಬೆಲ್ಟ್ ಹಿಡಿದು ನಿಲ್ಲಿಸುತ್ತಿತ್ತು, ಬೆರಳು ಅದರ ಜೊತೆ ಜಗಳಕ್ಕೆ ಬಿದ್ದ ಹಾಗೆ ಕೆಲಸ ಮಾಡುತ್ತಿತ್ತು. ನಿಮ್ಮಂಥ ತೊಂದರೆಗೆ ಮಣಿಕಟ್ಟನ್ನು ನೇರವಾಗಿ ಇಡುವ ಸ್ಪ್ಲಿಂಟ್ ಕೊಡುತ್ತಾರೆ, ಅದನ್ನು ಮುಖ್ಯವಾಗಿ ಮಲಗುವಾಗ ಕಟ್ಟಿಕೊಳ್ಳಬೇಕು.

ನಾನು ಟೈಪಿಂಗ್ ಕಲಿತದ್ದು ಇನ್‌ಸ್ಟಿಟ್ಯೂಟಿನಲ್ಲಿ, ಕಬ್ಬಿಣದಂಥ ಟೈಪ್‌ರೈಟರ್ ಮಷೀನಿನ ಮೇಲೆ. ಅದರ ಕೀಲಿ ಒತ್ತಲು ಈಗಿನದಕ್ಕಿಂತ ಎಷ್ಟೋ ಜಾಸ್ತಿ ಬಲ ಬೇಕು. ಆದರೂ ಆಗ ಕೈ ನೋಯಲಿಲ್ಲ. ಕಾರಣ ಆಮೇಲೆ ಹೊಳೆಯಿತು. ಸಾಲು ಮುಗಿಯುತ್ತ ಬಂದಾಗ ಗಂಟೆ ಬಾರಿಸುತ್ತಿತ್ತು, ಕೈ ಎತ್ತಿ ಹಾಳೆ ಹಿಡಿದಿರುವ ಕ್ಯಾರೇಜ್ ತಳ್ಳಬೇಕಿತ್ತು. ಪುಟ ಮುಗಿದರೆ ಹಾಳೆ, ಕಾರ್ಬನ್ ಬದಲಿಸಬೇಕಿತ್ತು. ಮಷೀನೇ ನಮ್ಮನ್ನು ನಿಲ್ಲಿಸುತ್ತಿತ್ತು. ಕಂಪ್ಯೂಟರ್‌ನಲ್ಲಿ ಹಾಗೆ ನಿಲ್ಲಿಸುವವರೇ ಇಲ್ಲ.

ಆ ಗಂಟೆಯನ್ನು ವಾಪಸ್ ತಂದುಕೊಂಡದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಬಿಡುವು ತೆಗೆದುಕೊಳ್ಳಿ ಅಂತ ನೆನಪಿಸುವ ವರ್ಕ್‌ರೇವ್ ಅಂತ ಒಂದು ಉಚಿತ ತಂತ್ರಾಂಶ ಇದೆ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಮ್ಯಾಕ್ ಇದ್ದರೆ ಅಂಥದ್ದೇ ಆದ ಸ್ಟ್ರೆಚ್ಲಿ ಹಾಕಿಕೊಳ್ಳಿ. ವರ್ಕ್‌ರೇವ್ ನೀವು ನಿಜವಾಗಿ ಕೀಲಿ ಒತ್ತುತ್ತಿದ್ದೀರಾ ಅಂತ ನೋಡಿಕೊಂಡೇ ಸಮಯ ಎಣಿಸುತ್ತದೆ. ನಾನು ಐದು ನಿಮಿಷಕ್ಕೆ ಇಪ್ಪತ್ತು ಸೆಕೆಂಡ್, ಮುಕ್ಕಾಲು ಗಂಟೆಗೆ ಎಂಟು ನಿಮಿಷ ಬಿಡುವು ಇಟ್ಟುಕೊಂಡಿದ್ದೇನೆ. ಮೊದಲ ವಾರ ಅದರ ಮೇಲೆ ಬಹಳ ಸಿಟ್ಟು ಬರುತ್ತದೆ. ಒಂದು ಮಾತು: ಆ ಬಿಡುವಿನಲ್ಲಿ ಮೊಬೈಲ್ ಹಿಡಿದರೆ ಅದು ಬಿಡುವಲ್ಲ, ಹೆಬ್ಬೆರಳಿಗೆ ಓವರ್‌ಟೈಮ್.

ಇನ್ನು ಕನ್ನಡದ ವಿಷಯ. ಇಂಗ್ಲಿಷ್ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯಲ್ಲಿರುವ ಕೆ. ಪಿ. ರಾವ್ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಬೇಕು, ಮಹಾಪ್ರಾಣಕ್ಕೆ ಶಿಫ್ಟ್ ಬೇಕು. ನಮ್ಮ ಭಾಷೆಯಲ್ಲಿ ಒತ್ತಕ್ಷರಕ್ಕೇನು ಬರವೇ? ಎಡಗೈ ತೋರುಬೆರಳು ಇಡೀ ದಿನ ಕುಟ್ಟುತ್ತಲೇ ಇರುತ್ತದೆ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸ ಬಳಸಿದರೂ ಆ ಕೆಲಸ ಡಿ ಕೀಲಿಗೆ ಹೋಗುತ್ತದೆ, ಅದೂ ಎಡಗೈಗೇ. ಶಿಫ್ಟ್ ಮಾತ್ರ ನಮ್ಮ ಕೈಯಲ್ಲಿದೆ. ಇನ್‌ಸ್ಟಿಟ್ಯೂಟಿನಲ್ಲಿ ಬಲಗೈ ಅಕ್ಷರಕ್ಕೆ ಎಡಗಡೆ ಶಿಫ್ಟ್, ಎಡಗೈ ಅಕ್ಷರಕ್ಕೆ ಬಲಗಡೆ ಶಿಫ್ಟ್ ಅಂತ ಕಲಿಸುತ್ತಿದ್ದರು. ಡಿಟಿಪಿಗೆ ಬಂದ ಮೇಲೆ ನಾನೂ ಮರೆತು ಒಂದೇ ಕೈಯನ್ನು ಚಾಚಿ ಚಾಚಿ ಒತ್ತುತ್ತಿದ್ದೆ. ವಿಂಡೋಸ್‌ನಲ್ಲಿ ಶಿಫ್ಟನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಬೇಕಾ ಅಂತ ಕೇಳುತ್ತದೆ. ಹೂಂ ಅನ್ನಿ. ಆಮೇಲೆ ಶಿಫ್ಟ್ ಒತ್ತಿ ಹಿಡಿಯಬೇಕಿಲ್ಲ, ಒತ್ತಿ ಬಿಟ್ಟು ಅಕ್ಷರ ಒತ್ತಿದರೆ ಸಾಕು. ಮತ್ತೆ ಮತ್ತೆ ಬರುವ ಇಲಾಖೆ ಹೆಸರು, ವಿಳಾಸಗಳಿಗೆ ಆಟೋಕರೆಕ್ಟ್‌ನಲ್ಲಿ ಎರಡಕ್ಷರದ ಗುರುತು ಇಟ್ಟುಕೊಳ್ಳಿ.

ಗೂಗಲ್ ಡಾಕ್ಸ್‌ನಲ್ಲಿ ಕನ್ನಡ ಆರಿಸಿಕೊಂಡು ಬಾಯಲ್ಲೇ ಹೇಳಿ ಬರೆಸಬಹುದು. ಈ ಉತ್ತರದ ಅರ್ಧ ಹಾಗೇ ಬರೆಸಿದ್ದು. ‘ನರ’ ಅಂದರೆ ಎರಡು ಸಲ ‘ನರಿ’ ಅಂತ ಬರೆಯಿತು. ವಿರಾಮ ಚಿಹ್ನೆಗಳನ್ನು ಕೈಯಲ್ಲೇ ಹಾಕಬೇಕು. ಅಂಕಿಅಂಶ ತುಂಬುವ ಕೆಲಸಕ್ಕೆ ಇದು ಆಗದು, ಉದ್ದ ಪಠ್ಯಕ್ಕೆ ಚೆನ್ನಾಗಿದೆ.

ಕೂರುವ ರೀತಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೀಬೋರ್ಡಿನ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿಬಿಡಿ, ಅವು ಮಣಿಕಟ್ಟನ್ನು ಮೇಲಕ್ಕೆ ಬಗ್ಗಿಸುತ್ತವೆ. ಹಾರ್ಮೋನಿಯಂ ನುಡಿಸುವವರ ಹಾಗೆ ಕೈ ತೇಲುತ್ತಿರಲಿ, ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಬೇಡಿ. ಲ್ಯಾಪ್‌ಟಾಪ್ ಆದರೆ ನಾಲ್ಕು ದಪ್ಪ ಪುಸ್ತಕದ ಮೇಲಿಟ್ಟು ಬೇರೆ ಕೀಬೋರ್ಡ್ ಹಚ್ಚಿಕೊಳ್ಳಿ. ಮೌಸ್ ಹತ್ತಿರ ಇರಲಿ. ದುಬಾರಿ ಕೀಬೋರ್ಡ್ ಇಷ್ಟೆಲ್ಲ ಆದ ಮೇಲೆ ಯೋಚಿಸಿದರಾಯಿತು. ನಾನು ಇವತ್ತಿಗೂ ಕೊಂಡಿಲ್ಲ.

ವ್ಯಾಯಾಮವನ್ನು ಫಿಸಿಯೋ ಹತ್ತಿರ ಎದುರಿಗೆ ಕೂತು ಕಲಿಯಿರಿ. ಬೆರಳು ನೇರ, ಕೊಕ್ಕೆ, ಮುಷ್ಟಿ, ಹೀಗೆ ನಿಧಾನಕ್ಕೆ ಮಾಡುವ ಟೆಂಡನ್ ವ್ಯಾಯಾಮ ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ನೋವಿದ್ದಾಗ ಸ್ಪಂಜಿನ ಚೆಂಡು ಹಿಚುಕಬೇಡಿ. ದಣಿದ ಟೆಂಡನ್‌ಗೆ ಮತ್ತೆ ಅದೇ ಕೆಲಸ ಕೊಟ್ಟ ಹಾಗಾಗುತ್ತದೆ.

1713ರಲ್ಲೇ ರಾಮಝಿನಿ ಅನ್ನುವ ಇಟಲಿಯ ವೈದ್ಯರು ಗುಮಾಸ್ತರ ಕಾಯಿಲೆಗೆ ಮೂರು ಕಾರಣ ಬರೆದಿಟ್ಟಿದ್ದಾರೆ: ಒಂದೇ ಸಮನೆ ಕೂರುವುದು, ಕೈಯನ್ನು ಒಂದೇ ರೀತಿ ಆಡಿಸುವುದು, ಲೆಕ್ಕ ತಪ್ಪಬಾರದು ಅನ್ನುವ ಮನಸ್ಸಿನ ಬಿಗಿ. ಮೂರನೆಯದನ್ನು ಓದಿದಾಗ ನಗು ಬಂತು. ಡೆಡ್‌ಲೈನ್ ದಿನ ನನ್ನ ಭುಜ ಕಿವಿಯ ಹತ್ತಿರ ಇರುತ್ತದೆ.

ಕೆಲಸ ಬಿಡಬೇಕಾ? ನಾನು ಬಿಡಲಿಲ್ಲ. ಮೂರು ತಿಂಗಳು ಟೈಪಿಂಗ್ ಅರ್ಧಕ್ಕೆ ಇಳಿಸಿ, ಉಳಿದ ಹೊತ್ತು ಕಾಗದದ ಮೇಲೆ ಕರಡು ತಿದ್ದುವ ಕೆಲಸ ತೆಗೆದುಕೊಂಡೆ. ದುಡ್ಡು ಕಮ್ಮಿಯೇ ಆಯಿತು. ನಿಮ್ಮ ಆಫೀಸಿನಲ್ಲಿ ಎಂಟ್ರಿ ಪರಿಶೀಲಿಸುವವರು ಇರುತ್ತಾರಲ್ಲ, ದಿನದ ಅರ್ಧ ಆ ಕೆಲಸ ಕೊಡಿ ಅಂತ ಕೇಳಿ, ಡಾಕ್ಟರ ಚೀಟಿ ಜೊತೆಗಿರಲಿ. ಆದರೆ ಹಗಲಲ್ಲೂ ಜೋಮು ಬಿಡದಿದ್ದರೆ, ಅಂಗಿ ಗುಂಡಿ ಹಾಕುವುದು ಕಷ್ಟವಾಗುತ್ತಿದ್ದರೆ, ಲೋಟ ಕೈಜಾರುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಇಳಿದ ಹಾಗೆ ಕಂಡರೆ, ಮೇಲೆ ಬರೆದದ್ದೆಲ್ಲ ಆಮೇಲೆ ಮಾಡಿ. ಈ ವಾರವೇ ರಜೆ ಹಾಕಿ ಡಾಕ್ಟರ ಹತ್ತಿರ ಹೋಗಿ.