ಹಳ್ಳಿಯ ಹಳೆ ಶಾಲೆ ಖಾಲಿ ಬಿದ್ದಿದೆ, ಅಲ್ಲಿ ಪ್ರಕೃತಿ ಕೇಂದ್ರ ಮಾಡಬಹುದೇ?

ಮಾಡಬಹುದು. ನಮ್ಮೂರಲ್ಲಿ ಮಾಡಿದ್ದೇವೆ. ನಿಮ್ಮೂರಲ್ಲಿ ಮಕ್ಕಳು ಹೊಸ ಕಟ್ಟಡಕ್ಕೆ ಹೋದ ಮೇಲೆ ಹಳೆ ಶಾಲೆಗೆ ಬೀಗ ಬಿದ್ದಿದೆ, ಅಲ್ಲಿ ಹಕ್ಕಿ, ಗಿಡ, ಪ್ರಾಣಿ ತೋರಿಸಬೇಕು ಅಂತಿದ್ದೀರಿ, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕಿನವನು. ನಮ್ಮದೂ ಮುಂಬಯಿ ಪ್ರಾಂತ್ಯದ ಕಾಲದ ಶಾಲೆ. ಕಲ್ಲಿನ ಗೋಡೆ, ಸಾಗವಾನಿ ತೊಲೆ, ಮಂಗಳೂರು ಹಂಚು.

ಮೊದಲ ಒಂದು ವಾರ ಏನೂ ಮಾಡಬೇಡಿ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಒಳಗೆ ಸುಮ್ನೆ ಕೂತು, ಅಲ್ಲಿ ಈಗಾಗಲೇ ಯಾರು ಯಾರು ಇದ್ದಾರೆ ನೋಡಿ.

ನಾವು ಹೀಗೆ ಮಾಡಲಿಲ್ಲ. ಹೋದ ದಿನವೇ ಕಸಬರಿಗೆ ಹಿಡಿದೆವು. ನಾಲ್ಕನೇ ಇಯತ್ತೆಯ ಕೋಣೆಯ ಮೂಲೆಯಲ್ಲಿ ಗೋಡೆ ತುಂಬ ಬಿಳಿ ಹಿಕ್ಕೆ, ಕೆಳಗೆ ಹೆಬ್ಬೆರಳಿನಷ್ಟು ದಪ್ಪದ ಕರಿ ಉಂಡೆಗಳು. ತಲೆ ಎತ್ತಿದರೆ ತೊಲೆಯ ಮೇಲೆ ಕಣಜ ಗೂಬೆ. ಬಿಳಿ ಮುಖ ಕೆಳಗೆ ಬಾಗಿಸಿ ನಮ್ಮನ್ನೇ ನೋಡುತ್ತಿತ್ತು. ಗೂಗಿ ಹೊಕ್ಕರೆ ಮನೆಗೆ ಒಳ್ಳೆಯದಲ್ಲ, ಓಡಿಸ್ರಿ ಅಂದರು ಹಿರಿಯರು. ನಿವೃತ್ತ ಗುರುಗಳೊಬ್ಬರು ತಡೆದರು. ಒಂದು ಉಂಡೆಯನ್ನು ಬೆಚ್ಚಗಿನ ನೀರಲ್ಲಿ ನೆನೆಸಿ ಸೂಜಿಯಿಂದ ಬಿಡಿಸಿ ತೋರಿಸಿದರು. ಒಳಗೆ ಕೂದಲು, ಮೂರು ಇಲಿಗಳ ತಲೆಬುರುಡೆ, ಅರಿಶಿನ ಬಣ್ಣದ ಮುಂದಿನ ಹಲ್ಲು. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಅರಗದ ಎಲುಬು, ಕೂದಲನ್ನು ಉಂಡೆ ಮಾಡಿ ಬಾಯಿಂದ ಉಗುಳುತ್ತದೆ. ಮಕ್ಕಳು ಬಿಳಿ ಹಾಳೆಯ ಮೇಲೆ ಆ ಎಲುಬುಗಳನ್ನು ಜೋಡಿಸುತ್ತಾ ಕೂತರು, ಊಟಕ್ಕೆ ಕರೆದರೂ ಏಳಲಿಲ್ಲ. ನೋಡಲು ಬಂದ ರೈತರು ಇಲಿ ತಿನ್ನುವ ತಮ್ಮ ಹೊಲದ ಜೋಳದ ಲೆಕ್ಕ ಹಾಕಿದರು. ಆಮೇಲೆ ಓಡಿಸುವ ಮಾತು ಯಾರೂ ಎತ್ತಿಲ್ಲ. ಆ ಹಾಳೆ ಈಗಲೂ ಬಾಗಿಲ ಪಕ್ಕದಲ್ಲಿದೆ. ಪೇಟೆಯಿಂದ ತಂದ ದೊಡ್ಡ ಫೋಟೋಗಳಿಗಿಂತ ಜಾಸ್ತಿ ಜನ ಅದನ್ನೇ ನೋಡುತ್ತಾರೆ.

ಗೋಡೆಯ ವಿಷಯದಲ್ಲಿ ನನಗೆ ಇವತ್ತಿಗೂ ನೋವಿದೆ. ಹಿಂದೆ ಯಾರೋ ಗುತ್ತಿಗೆದಾರರು ಹಳೆ ಸುಣ್ಣದ ಗಚ್ಚಿನ ಮೇಲೆ ಸಿಮೆಂಟ್ ಗಿಲಾವು ಮಾಡಿ ಹೋಗಿದ್ದರು. ಕಲ್ಲು, ಸುಣ್ಣದ ಗೋಡೆ ಮಳೆಗಾಲದಲ್ಲಿ ಕುಡಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಬಿದ್ದರೆ ನೀರು ಒಳಗೇ ಉಳಿದು ಹಳೆ ಗಚ್ಚು ಪುಡಿಯಾಗುತ್ತದೆ. ಎರಡು ಗೋಡೆ ಕೆರೆದು ಮತ್ತೆ ಸುಣ್ಣ, ಮರಳಿನ ಗಿಲಾವು ಮಾಡಿಸಿದೆವು. ಆ ಕೆಲಸ ಬಲ್ಲವರು ಈಗ ಕಡಿಮೆ. ಮೊದಲು ಅವರನ್ನು ಹುಡುಕಿ, ಬಣ್ಣದ ಮಾತು ಆಮೇಲೆ.

ಕರಿಹಲಗೆ ತೆಗೆಯಬೇಡಿ. ನಮ್ಮಲ್ಲಿ ಯಾರು ಏನು ಕಂಡರೂ ಅದರ ಮೇಲೆ ಬರೆಯುತ್ತಾರೆ: 'ಬಾವಿ ಹತ್ತಿರ ಮುಂಗುಸಿ', 'ಹಿನ್ನೀರಿನಲ್ಲಿ ರಾಜಹಂಸ'. ಆಲಮಟ್ಟಿ ಹಿನ್ನೀರು ಇಳಿದು ಕೆಸರು ಕಂಡಾಗ ರಾಜಹಂಸ ಇಳಿಯುತ್ತವೆ. ಸಂಜೆ ಅದನ್ನು ಒಂದು ವಹಿಗೆ ಇಳಿಸಿಕೊಂಡು ಹಲಗೆ ಒರೆಸುತ್ತೇವೆ.

ಊರಿನ ಕುರಿಗಾಹಿಗಳನ್ನು ತಪ್ಪದೆ ಕರೆಯಿರಿ. ನಮ್ಮ ಭಾಗದಲ್ಲಿ ಚಿಂಕಾರ ಅನ್ನೋ ಸಣ್ಣ ಜಿಂಕೆಯಂಥ ಪ್ರಾಣಿಗಾಗಿ ಯಡಹಳ್ಳಿ ಚಿಂಕಾರ ಧಾಮ ಆಗಿದ್ದು 2016ರಲ್ಲಿ. ಆ ಪ್ರಾಣಿ ಅವರಿಗೆ ಅದಕ್ಕೂ ಮೊದಲೇ ಗೊತ್ತು. ಊರವರು ಕೃಷ್ಣಮೃಗಕ್ಕೂ ಚಿಂಕಾರಕ್ಕೂ ಚಿಗರಿ ಅಂತಲೇ ಅನ್ನುತ್ತಾರೆ. ಚಿಂಕಾರದಲ್ಲಿ ಹೆಣ್ಣಿಗೂ ಸಣ್ಣ ಕೊಂಬಿರುತ್ತದೆ, ಕೃಷ್ಣಮೃಗದ ಹೆಣ್ಣಿಗೆ ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ನಮ್ಮ ಮಕ್ಕಳಿಗೆ ಹೇಳಿಕೊಟ್ಟಿದ್ದು ಕುರಿ ಕಾಯುವ ಒಬ್ಬ ಕಾಕಾ. ಚಿಂಕಾರ ಎಲೆ, ಇಬ್ಬನಿಯಲ್ಲಿರುವ ನೀರಿನ ಮೇಲೆಯೇ ಬಹಳ ದಿನ ಬದುಕುತ್ತದೆ ಅಂತ ಅವರು ಹೇಳುವಾಗ ಕೋಣೆಯಲ್ಲಿ ಸದ್ದೇ ಇರಲಿಲ್ಲ.

ಕಾಗದಪತ್ರದ ಕೆಲಸ ಹೇಳುತ್ತೇನೆ. ಸರ್ಕಾರಿ ಶಾಲೆಯಾದರೆ ಶಿಕ್ಷಣ ಇಲಾಖೆಯ ಒಪ್ಪಿಗೆ ಲಿಖಿತವಾಗಿ ಬೇಕು. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮತ್ತು ಪಂಚಾಯಿತಿಯ ಠರಾವು ಮಾಡಿಸಿಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಕಪಾಟಿನಲ್ಲಿ ಹಳೆ ದಾಖಲಾತಿ ರಿಜಿಸ್ಟರ್ ಸಿಕ್ಕರೆ ರದ್ದಿಗೆ ಹಾಕಬೇಡಿ, ಹೊಸ ಶಾಲೆಗೆ ಒಪ್ಪಿಸಿ. ನಮ್ಮದರ ಮೇಲೆ ಇನ್ನೂ ವಿಜಾಪುರ ಜಿಲ್ಲೆ ಅಂತಿದೆ, ಬಾಗಲಕೋಟೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಲ್ವಾ. ಜನ್ಮತಾರೀಖಿಗಾಗಿ ವಯಸ್ಸಾದವರು ಇವತ್ತಿಗೂ ಅದನ್ನೇ ಕೇಳಿಕೊಂಡು ಬರುತ್ತಾರೆ.

ಹಂಚು ಕೈಯಾಡಿಸುವ ಕೆಲಸ ಮಳೆಗೆ ಮೊದಲೇ ಮುಗಿಸಿ. ಆದರೆ ಗೂಬೆ ಮೊಟ್ಟೆ ಇಟ್ಟಿದ್ದರೆ ಆ ಮೂಲೆಯನ್ನು ಮುಟ್ಟಬೇಡಿ. ಮರಿ ಹಾರುವುದಕ್ಕೆ ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಸೋರುವ ಕಡೆ ತಾಡಪತ್ರಿ ಕಟ್ಟಿದರೆ ಸಾಕು, ನಾವೂ ಹಾಗೇ ಮಾಡಿದ್ದು.