ನದಿಗೆ ಬಿಟ್ಟ ಬೂದಿ, ಕಡೆಯ ದಿನದ ಭಯ: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ವಯಸ್ಸು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಕುಟುಂಬದವರ ಒಪ್ಪಿಗೆ ಇದೆ.)

ಲೂರ್ದಮ್ಮನವರಿಗೆ 63 ವರ್ಷ. ನಿವೃತ್ತ ಶಾಲಾ ಶಿಕ್ಷಕಿ, ಮೈಸೂರು ಕಡೆಯ ಕನ್ನಡ ಕಥೋಲಿಕ ಕುಟುಂಬದವರು. ನನ್ನ ಹತ್ತಿರ ಕರೆತಂದದ್ದು ಮಗಳು. ಅಮ್ಮನಿಗೆ ರಾತ್ರಿ ನಿದ್ದೆಯಿಲ್ಲ, ಊಟ ಅಷ್ಟಕ್ಕಷ್ಟೆ, ನವೆಂಬರ್ 2ರ ಸಕಲ ಮೃತರ ದಿನದಿಂದ ಪೂಜೆಗೆ ಹೋಗುವುದನ್ನೂ ಬಿಟ್ಟಿದ್ದಾರೆ, ಅಳಿಯ ತಂದುಕೊಟ್ಟ ಮಾತ್ರೆಯನ್ನು ನುಂಗುವುದಿಲ್ಲ ಎಂದಳು. ಅಮ್ಮ ಒಂದು ಮಾತೂ ಆಡದೆ ಕುಳಿತಿದ್ದರು. ಮಗಳನ್ನು ಹೊರಗೆ ಕಳಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲರೂ ಎದ್ದೇಳೋ ದಿನ ನಮ್ಮೆಜಮಾನ್ರು ಎಲ್ಲಿಂದ ಏಳ್ತಾರೆ ಮೇಡಂ? ಅವರಿಗೆ ಒಂದು ಗುಂಡಿನೂ ಇಲ್ವಲ್ಲ.” ಕಡೆಯ ದಿನ ದೇವರು ಸತ್ತವರನ್ನೆಲ್ಲ ಶರೀರದೊಂದಿಗೆ ಎಬ್ಬಿಸುತ್ತಾನೆ ಎಂಬುದು ಕ್ರೈಸ್ತರ ವಿಶ್ವಾಸ, ಅದನ್ನೇ ಪುನರುತ್ಥಾನ ಎನ್ನುತ್ತಾರೆ.

ಹಿನ್ನೆಲೆ ಹೀಗಿದೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಯಜಮಾನರು ಕೋವಿಡ್‌ನಿಂದ ತೀರಿಕೊಂಡರು. ಲೂರ್ದಮ್ಮ, ಮಗಳು ಇಬ್ಬರಿಗೂ ಸೋಂಕು, ಮನೆಯಿಂದ ಹೊರಬರುವಂತಿರಲಿಲ್ಲ. ಮಗ ಕುವೈತ್‌ನಲ್ಲಿ. ಓಡಾಡಿದವನು ಅಳಿಯ ಒಬ್ಬನೇ. ಅವನು ಹಿಂದೂ, ಪ್ರೇಮವಿವಾಹ. ವಿದ್ಯುತ್ ಚಿತಾಗಾರದಲ್ಲಿ ದಹನ ಮಾಡಿಸಿ, ಬೂದಿಯನ್ನು ತಂದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟ. ತನ್ನ ತಂದೆಗೂ ಅವನು ಮಾಡಿದ್ದು ಅದನ್ನೇ.

ಎರಡೂವರೆ ವರ್ಷ ಲೂರ್ದಮ್ಮ ಹೇಗೋ ಸಹಿಸಿಕೊಂಡಿದ್ದರು. ಆ ನವೆಂಬರಿನಲ್ಲಿ ಊರಿನವರೆಲ್ಲ ತಮ್ಮವರ ಸಮಾಧಿ ತೊಳೆದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚುವಾಗ ಇವರು ಅತ್ತೆಯ ಸಮಾಧಿಯ ಪಕ್ಕ ಬರಿಗೈಯಲ್ಲಿ ನಿಂತಿದ್ದರು. ಅದೇ ವಾರ ಮಗನಿಂದ ಒಂದು ವಾಟ್ಸಾಪ್ ಸಂದೇಶ ಬಂತು: ಬೂದಿಯನ್ನು ನೀರಿಗೆ ಬಿಡುವುದನ್ನು ವ್ಯಾಟಿಕನ್ ನಿಷೇಧಿಸಿದೆ, ಯಾರ ಬೂದಿಯನ್ನು ಹಾಗೆ ಬಿಡಲಾಗಿದೆಯೋ ಅವರಿಗೆ ಪುನರುತ್ಥಾನವಿಲ್ಲ.

ನಾನು ಕ್ರೈಸ್ತಳಲ್ಲ. ಇಂಥ ಕಡೆ ನಮ್ಮ ಕಸುಬಿನವರ ಬಾಯಿಗೆ ಸಲೀಸಾಗಿ ಬರುವ ಮಾತು “ಅದೆಲ್ಲ ನಂಬಿಕೆ ಅಮ್ಮ, ತಲೆ ಕೆಡಿಸಿಕೊಳ್ಳಬೇಡಿ” ಎಂಬುದು. ಇನ್ನೊಂದು, ಎಲ್ಲ ಧರ್ಮವೂ ಒಂದೇ ಎಂಬುದು. ಎರಡನೆಯದನ್ನು ಅಳಿಯ ಆಗಲೇ ಹೇಳಿ ಬೈಸಿಕೊಂಡಿದ್ದ. ಲೂರ್ದಮ್ಮನ ಭಯ ಅವರ ವಿಶ್ವಾಸದ ಒಳಗೇ ಹುಟ್ಟಿದ್ದು. ಉತ್ತರವೂ ಅಲ್ಲಿಂದಲೇ ಬರಬೇಕಿತ್ತು. ಪ್ರತಿ ಭಾನುವಾರ ಎದ್ದು ನಿಂತು “ಶರೀರದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆ” ಎಂದು ಬಾಯಿಬಿಟ್ಟು ಹೇಳಿದವರಿಗೆ ಶರೀರ ಏನಾಯಿತು ಎನ್ನುವುದು ಸಣ್ಣ ಪ್ರಶ್ನೆಯಲ್ಲ.

ಅದಕ್ಕೂ ಮೊದಲು ಕೇಳಲೇಬೇಕಾದದ್ದನ್ನು ಕೇಳಿದೆ. ಸಾಯಬೇಕು ಅನಿಸುತ್ತದೆಯೇ? “ಅವರ ಹತ್ರ ಹೋಗಬೇಕು ಅನ್ಸುತ್ತೆ, ಆದರೆ ಅವರೆಲ್ಲಿದ್ದಾರೋ ಗೊತ್ತಿಲ್ವಲ್ಲ” ಎಂದರು. ಈ ಉತ್ತರ ನನ್ನನ್ನು ಬೆಚ್ಚಿಸಿತು. ಬಿಡಿಸಿ ಬಿಡಿಸಿ ಕೇಳಿದಾಗ ಆತ್ಮಹತ್ಯೆಯ ಯೋಚನೆಯಾಗಲೀ ಸಿದ್ಧತೆಯಾಗಲೀ ಇರಲಿಲ್ಲ. ಆದರೂ ಮಗಳಿಗೆ ತಿಳಿಸಿ, ನಿದ್ದೆಗಾಗಿ ಮನೋವೈದ್ಯರ ಬಳಿ ಕಳಿಸಿದೆ. ಸಾವಾಗಿ ವರ್ಷ ಕಳೆದರೂ ದುಃಖ ದಿನನಿತ್ಯದ ಬದುಕನ್ನೇ ಕಟ್ಟಿಹಾಕಿದ್ದರೆ ಅದಕ್ಕೆ ಚಿಕಿತ್ಸೆಯೂ ಬೇಕಾಗಬಹುದು.

ಸಂದೇಶವನ್ನು ಇಬ್ಬರೂ ಕೂತು ಓದಿದೆವು. ಅದರ ಮೊದಲರ್ಧ ನಿಜ. 2016ರ ವ್ಯಾಟಿಕನ್ ಸೂಚನೆ ಹೂಳುವುದೇ ಮೇಲು ಎನ್ನುತ್ತದೆ. ದಹನಕ್ಕೆ ಅಡ್ಡಿಯಿಲ್ಲ, ಆದರೆ ಬೂದಿಯನ್ನು ಪವಿತ್ರ ಸ್ಥಳದಲ್ಲಿಡಬೇಕು, ಗಾಳಿಗೆ, ನೀರಿಗೆ ಚೆಲ್ಲಬಾರದು ಎನ್ನುತ್ತದೆ. ಕೊನೆಯ ಸಾಲನ್ನು ಮಾತ್ರ ಯಾರೋ ಸೇರಿಸಿದ್ದರು. ಇವು ಎರಡು ಬೇರೆ ಪ್ರಶ್ನೆಗಳು: ಬದುಕಿರುವವರು ಬೂದಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದೊಂದು, ಸತ್ತವರನ್ನು ದೇವರು ಎಬ್ಬಿಸಬಲ್ಲನೇ ಎಂಬುದೊಂದು. ಎರಡನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದುಕೊಂಡು ಫಾದರ್ ಬಳಿ ಹೋಗಿ ಎಂದೆ. ದೇವರ ವಿಷಯದಲ್ಲಿ ನಾನು ಕೊಡುವ ಭರವಸೆಗೆ ಅವರ ಮನೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ, ಇರಬೇಕಾಗಿಯೂ ಇಲ್ಲ.

ಫಾದರ್ ವಯಸ್ಸಾದವರು, ಓದಿಕೊಂಡವರು. ಅವರು ಹೇಳಿದ್ದನ್ನು ಲೂರ್ದಮ್ಮ ಮುಂದಿನ ಭೇಟಿಗೆ ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದರು, ಟೀಚರ್ ಅಲ್ಲವೇ. ದಹನಕ್ಕೆ ಸಭೆ, ಅಂದರೆ ಕಥೋಲಿಕ ಚರ್ಚ್, ಅನುಮತಿ ಕೊಟ್ಟದ್ದು 1963ರಲ್ಲಿ. ಅದಕ್ಕೆ ಹಿಂದೆ ಬಿಗಿ ನಿಷೇಧವಿತ್ತು, ಯಾಕೆಂದರೆ ಯುರೋಪಿನಲ್ಲಿ ಕೆಲವರು ಪುನರುತ್ಥಾನ ಸುಳ್ಳೆಂದು ತೋರಿಸುವುದಕ್ಕೇ ಹೆಣ ಸುಡಿಸಿಕೊಳ್ಳುತ್ತಿದ್ದರು. ಲೂರ್ದಮ್ಮನಿಗೆ ಜ್ಞಾನೋಪದೇಶ (ಚರ್ಚಿನ ಧರ್ಮಪಾಠ) ಹೇಳಿಕೊಟ್ಟವರು ಆ ಹಳೇ ಕಾಲದವರು. ಭಯ ಅಲ್ಲಿಂದ ಬಂದಿತ್ತು. 2020ರಲ್ಲಿ ಪಕ್ಕದ ಕೇರಳದ ಆಲಪ್ಪುಳ ಧರ್ಮಪ್ರಾಂತ್ಯವೇ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಕೋವಿಡ್‌ನಿಂದ ತೀರಿಕೊಂಡವರನ್ನು ಚರ್ಚಿನ ಸ್ಮಶಾನದಲ್ಲಿ ದಹಿಸಿ ಬೂದಿಯನ್ನು ಅಲ್ಲೇ ಹೂಳಲು ಒಪ್ಪಿತ್ತು. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ ಕೊಟ್ಟ ಇನ್ನೊಂದು ಉತ್ತರ ಇವರ ಪ್ರಶ್ನೆಗೇ ಬರೆದಂತಿತ್ತು: ಪುನರುತ್ಥಾನವೆಂದರೆ ಹೆಣಕ್ಕೆ ಮತ್ತೆ ಜೀವ ಬರುವುದಲ್ಲ, ದೇಹ ಪೂರ್ತಿ ನಾಶವಾಗಿದ್ದರೂ, ಚದುರಿಹೋಗಿದ್ದರೂ ಅದು ಆಗಬಲ್ಲದು. ಬೈಬಲಿನಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಇದನ್ನೇ ಬಿತ್ತಿದ ಕಾಳಿನ ಹೋಲಿಕೆಯಲ್ಲಿ ಹೇಳುತ್ತಾರೆ: ನೀನು ಬಿತ್ತುವುದು ಬರೀ ಕಾಳು, ಮುಂದೆ ಬರುವ ದೇಹವನ್ನಲ್ಲ.

ಇವೆಲ್ಲ ಅವರ ತಲೆಗೆ ಹೋದವು. ಎದೆಗೆ ಹೋದದ್ದು ಲಿಯಾನ್ ಊರಿನ ಕಥೆ. ಕ್ರಿ.ಶ. 177ರಲ್ಲಿ, ಈಗಿನ ಫ್ರಾನ್ಸಿನ ಆ ಊರಿನಲ್ಲಿ, ಕ್ರೈಸ್ತರನ್ನು ಹಿಂಸಿಸಿ ಕೊಂದವರು ಹೆಣಗಳನ್ನು ಹೂಳಲು ಬಿಡಲಿಲ್ಲ. ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. ಉದ್ದೇಶ ಸ್ಪಷ್ಟವಾಗಿತ್ತು: ಇವರು ಎದ್ದು ಬರುತ್ತೇವೆ ಎನ್ನುತ್ತಾರಲ್ಲ, ಬರಲಿ ನೋಡೋಣ. ಬದುಕುಳಿದವರು ಬರೆದ ಪತ್ರವನ್ನು ಇತಿಹಾಸಕಾರ ಯೂಸೇಬಿಯಸ್ ಉಳಿಸಿದ್ದಾನೆ. ಸತ್ತವರಲ್ಲಿ ಬ್ಲಾಂಡೀನಾ ಎಂಬ ಗುಲಾಮ ಹೆಂಗಸೂ ಇದ್ದಳು. ಸಭೆ ಜೂನ್ 2ರಂದು ಅವರನ್ನು ಸಂತರೆಂದು ಸ್ಮರಿಸುತ್ತದೆ. “ಅವರ ಬೂದಿನೂ ಹೊಳೆಗೇ ಹೋಗಿದ್ದು ಮೇಡಂ,” ಎಂದರು ಲೂರ್ದಮ್ಮ, ಏನೋ ಪತ್ತೆ ಹಚ್ಚಿದವರಂತೆ.

ಅಲ್ಲಿಗೆ ಮುಗಿಯಿತು ಎಂದು ಮಗಳು ಅಂದುಕೊಂಡಳು. ನನಗೆ ಹಾಗನ್ನಿಸಲಿಲ್ಲ. ಬೂದಿಯ ಭಯ ಇಳಿದ ಮೇಲೆ ಅದರ ಅಡಿಯಲ್ಲಿದ್ದದ್ದು ಮೇಲೆ ಬಂತು: ಯಜಮಾನರು ಒಬ್ಬರೇ ಸತ್ತರು, ರೋಗಿಗಳ ಅಭ್ಯಂಗ (ಕಾಯಿಲೆ ಬಿದ್ದವರಿಗೆ ಫಾದರ್ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಸಿಗಲಿಲ್ಲ, ಮುಖ ನೋಡಲಿಲ್ಲ. ಅಭ್ಯಂಗದ ವಿಷಯವನ್ನೂ ಫಾದರ್‌ಗೇ ಬಿಟ್ಟೆ. ಸಂಸ್ಕಾರ ಸಿಗದೆ ಸಾಯುವ ಕೋವಿಡ್ ರೋಗಿಗಳಿಗೆಂದೇ ವ್ಯಾಟಿಕನ್ 2020ರ ಮಾರ್ಚ್‌ನಲ್ಲಿ ವಿಶೇಷ ದಯೆ ಘೋಷಿಸಿತ್ತೆಂದು ಅವರು ತೋರಿಸಿಕೊಟ್ಟರು. ಮುಖ ನೋಡದ ಸಂಕಟಕ್ಕೆ ಯಾವ ಕಾಗದದಲ್ಲೂ ಪರಿಹಾರವಿಲ್ಲ. ಆ ದಿನ ಏನಾಯಿತೆಂದು ನೋಡಿದವನು ಒಬ್ಬನೇ, ಅವನನ್ನು ಅವರು ಕೇಳಿಯೇ ಇರಲಿಲ್ಲ. ನನ್ನ ಮುಖ್ಯ ಸಲಹೆ ಅದಾಗಿತ್ತು: ಅಳಿಯನ ಬಾಯಲ್ಲಿ ಆ ದಿನವನ್ನು ಮೊದಲಿನಿಂದ ಕೇಳಿ, ಮಧ್ಯೆ ಮಾತಾಡಬೇಡಿ. ಅವನಿಗೆ ಹೇಳಿದ್ದು: ಸಮರ್ಥನೆ ಬೇಡ, ಕ್ಷಮೆಯೂ ಬೇಡ, ನಡೆದದ್ದನ್ನು ಹೇಳು.

ಅವನು ಹೇಳಿದ. ಆಂಬುಲೆನ್ಸ್‌ಗಳ ಸಾಲು, ಟೋಕನ್, ಮಧ್ಯಾಹ್ನದಿಂದ ರಾತ್ರಿಯವರೆಗೆ ಕಾದದ್ದು, ಪಿಪಿಇ ಕಿಟ್ ಒಳಗೆ ಬೆವರು, ತನಗೂ ಅಂಟಿದರೆ ಎಂಬ ಹೆದರಿಕೆ. “ಅತ್ತೆ, ಒಂದು ಸಲ ಚೀಲದ ಜಿಪ್ ಇಳಿಸಿ ತೋರಿಸಿದರು. ಮಾವ ಮಲಗಿದ ಹಾಗೇ ಇದ್ದರು.” ಲೂರ್ದಮ್ಮ ಗಟ್ಟಿಯಾಗಿ ಅತ್ತದ್ದು ಅವತ್ತು. ಜೊತೆಗೆ ಬೇರೊಂದು ವಿಷಯವೂ ಹೊರಬಿತ್ತು. ಏನು ಮಾಡಲಿ ಎಂದು ಕುವೈತ್‌ಗೆ ಫೋನ್ ಮಾಡಿದಾಗ ಮಗ “ನೀವೇ ಏನಾದರೂ ಮಾಡಿ ಭಾವ” ಎಂದಿದ್ದನಂತೆ. ಸಂದೇಶ ಕಳಿಸಿದವನೂ ಅವನೇ. ಕೋಪ ಅಳಿಯನಿಂದ ಮಗನ ಕಡೆಗೆ ತಿರುಗುವುದನ್ನು ನಾನು ಕಣ್ಣಾರೆ ಕಂಡೆ. ಅಪ್ಪನ ಸಾವಿಗೆ ಬರಲಾಗದ ಮಗನೂ ತನ್ನ ಪಾಪಪ್ರಜ್ಞೆಯನ್ನು ಎಲ್ಲಾದರೂ ಇಳಿಸಬೇಕಿತ್ತು ಎಂದಷ್ಟೇ ಹೇಳಿದೆ. ಅವರು ಒಪ್ಪಲಿಲ್ಲ. ಆ ಕೆಲಸ ಇನ್ನೂ ಬಾಕಿ ಇದೆ.

ನಿಲ್ಲಲು ಒಂದು ಜಾಗ ಬೇಕೆಂಬುದಕ್ಕೆ ಫಾದರ್ ದಾರಿ ಹುಡುಕಿದರು. ಅತ್ತೆಯ ಸಮಾಧಿಕಲ್ಲಿನ ಮೇಲೆ ಯಜಮಾನರ ಹೆಸರು, ಹುಟ್ಟಿದ ಮತ್ತು ತೀರಿಕೊಂಡ ದಿನಾಂಕ ಕೆತ್ತಿಸಿದರು. ಅವರ ಹೆಸರಿನಲ್ಲಿ ಚರ್ಚಿನಲ್ಲಿ ಬಲಿಪೂಜೆಯೂ (ಮಾಸ್) ನಡೆಯಿತು. ಅಕ್ಷರ ಕೆತ್ತುವವನನ್ನು ಕರೆತಂದದ್ದು ಅಳಿಯ. ನಿದ್ದೆ ಮಾತ್ರೆಯನ್ನು ವೈದ್ಯರು ನಿಧಾನವಾಗಿ ನಿಲ್ಲಿಸಿದ್ದಾರೆ. ಪಶ್ಚಿಮವಾಹಿನಿಗೆ ಒಮ್ಮೆ ಹೋಗಿ ಬರೋಣವೇ ಎಂದು ಮಗಳು ಕೇಳಿದ್ದಕ್ಕೆ ಲೂರ್ದಮ್ಮ ಬೇಡವೆಂದರು. ನಾನೂ ಒತ್ತಾಯಿಸಬೇಡ ಎಂದೆ. ತಮ್ಮನ್ನು ಮಾತ್ರ ಹೂಳಲೇಬೇಕು ಎಂದು ಅವರು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ, ಅದನ್ನು ಅಳಿಯನ ಕೈಗೇ ಕೊಟ್ಟಿದ್ದಾರೆ.