ಚೆಂಡು ಪಕ್ಕಕ್ಕಿಡಿ, ಸಿಪ್ಪೆಗೋಟು ಕೊಡಿ

ಪ್ರಶ್ನೆ: ಅಪ್ಪನಿಗೆ 61 ವರ್ಷ. ನಾಲ್ಕು ತಿಂಗಳ ಹಿಂದೆ ಬಲಗಡೆಗೆ ಲಕ್ವ ಹೊಡೆಯಿತು. ಈಗ ಕೋಲು ಹಿಡಿದು ಜಗಲಿವರೆಗೆ ನಡೆಯುತ್ತಾರೆ. ಕೈ ಮಾತ್ರ ಹಿಂದೆ ಬಿದ್ದಿದೆ. ಮಣಿಕಟ್ಟು ಸ್ವಲ್ಪ ಎತ್ತುತ್ತಾರೆ, ಬೆರಳುಗಳು ಮಡಚಿಕೊಂಡೇ ಇರುತ್ತವೆ. ಸ್ಪಂಜಿನ ಚೆಂಡು ಒತ್ತಿಸುತ್ತೇವೆ, ತೊಲೆಗೆ ರಾಟೆ ಕಟ್ಟಿ ಕೈ ಮೇಲಕ್ಕೆ ಎಳೆಸುತ್ತೇವೆ. ಊಟ ಅಮ್ಮನೇ ಮಾಡಿಸುತ್ತಾರೆ. ಪಾರಿವಾಳದ ರಕ್ತ ಹಚ್ಚಿ ಅನ್ನುವವರೂ ಇದ್ದಾರೆ. ಆರು ತಿಂಗಳು ಕಳೆದರೆ ಕೈ ಬರುವುದೇ ಇಲ್ಲವಂತೆ, ನಿಜವಾ? ನಮ್ಮದು ಅಡಿಕೆ ತೋಟ.
- ಓದುಗರು, ಸಾಗರ ತಾಲ್ಲೂಕು

ಉತ್ತರ: ಮೊದಲು ಆ ರಾಟೆ ಬಿಚ್ಚಿ. ಲಕ್ವ ಹೊಡೆದ ಕಡೆ ಹೆಗಲಿನ ಕೀಲು ಸಡಿಲವಾಗಿರುತ್ತದೆ. ಹಗ್ಗ ಎಳೆದಾಗ ತೋಳು ಮೇಲೆ ಹೋಗುತ್ತದೆ, ಆದರೆ ಬೆನ್ನಿನ ಹಲಗೆಮೂಳೆ ಅದರ ಜೊತೆ ತಿರುಗುವುದಿಲ್ಲ. ಮಧ್ಯೆ ಸಿಕ್ಕ ಮೆತ್ತನೆ ಭಾಗ ಉಜ್ಜಿ ನೋವು ಶುರುವಾಗುತ್ತದೆ. ಹೆಗಲು ಒಮ್ಮೆ ನೋಯಲು ಹತ್ತಿತು ಅಂದರೆ ಅವರು ಕೈ ಮುಟ್ಟಲೂ ಬಿಡುವುದಿಲ್ಲ. ಎಬ್ಬಿಸುವಾಗ ಆ ಕೈ ಹಿಡಿದು ಜಗ್ಗಬೇಡಿ, ಕಂಕುಳಿಗೆ ಕೈ ಕೊಟ್ಟೂ ಎತ್ತಬೇಡಿ. ಸೊಂಟಕ್ಕೆ ಅಗಲದ ಬೆಲ್ಟ್ ಕಟ್ಟಿ, ಅದನ್ನು ಹಿಡಿಯಿರಿ.

ಇನ್ನು ಚೆಂಡು. ಲಕ್ವ ಅಂದ ತಕ್ಷಣ ಮೆಡಿಕಲ್ ಶಾಪ್‌ನಿಂದ ಒಂದು ಚೆಂಡು ಮನೆಗೆ ಬಂದೇ ಬರುತ್ತದೆ. ನನಗೆ ಅದರ ಮೇಲೆ ಸ್ವಲ್ಪ ಸಿಟ್ಟೇ ಇದೆ. ನಿಮ್ಮ ಅಪ್ಪನ ಬೆರಳು ಮಡಚುವುದು ಈಗಾಗಲೇ ಜಾಸ್ತಿಯಾಗಿದೆ. ಅವರಿಗೆ ಬಾರದೆ ಇರುವುದು ಬಿಚ್ಚುವುದು, ಹಿಡಿದದ್ದನ್ನು ಬಿಡುವುದು. ಬಂದಿರುವುದನ್ನೇ ಮತ್ತೆ ಮತ್ತೆ ಮಾಡಿಸಿ ಏನು ಪ್ರಯೋಜನ?

ಒಂದು ಪರೀಕ್ಷೆ ಮಾಡಿ. ಮೇಜಿನ ಮೇಲೆ ಕೈವಸ್ತ್ರ ಇಡಿ. ಬಲಗೈಲಿ ಹೇಗಾದರೂ ಸರಿ, ಎತ್ತಿ ಮತ್ತೆ ಬಿಡಲು ಹೇಳಿ. ಬೆರಳು ತಡವರಿಸಿದರೂ ಬಟ್ಟೆ ಬಿಟ್ಟರೆ ಒಳ್ಳೆಯ ಸೂಚನೆ.

ಆ ಕೈಗೆ ಈಗ ಬೇಕಿರುವುದು ಕೆಲಸ. ಲಕ್ವ ಆದ ಹೊಸದರಲ್ಲಿ ಕೈ ಏಳುವುದಿಲ್ಲ, ಒಳ್ಳೆಯ ಕೈ ಎಲ್ಲ ವಹಿಸಿಕೊಳ್ಳುತ್ತದೆ. ಆಮೇಲೆ ಮಿದುಳು ಸ್ವಲ್ಪ ಚೇತರಿಸಿಕೊಂಡರೂ ಆ ಕೈಯನ್ನು ಬಳಸದಿರುವುದೇ ರೂಢಿಯಾಗಿರುತ್ತದೆ. ಅಮೆರಿಕದ ಸಂಶೋಧಕ ಎಡ್ವರ್ಡ್ ಟೌಬ್ ಇದನ್ನು ಮೊದಲು ಕೋತಿಗಳಲ್ಲಿ ಗಮನಿಸಿದರು. ಒಳ್ಳೆಯ ಕೈಗೆ ಗವಸು ಹಾಕಿ, ಸೋತ ಕೈಲೇ ದಿನಕ್ಕೆ ಗಂಟೆಗಟ್ಟಲೆ ಕೆಲಸ ಮಾಡಿಸುವ ಚಿಕಿತ್ಸೆ ಹುಟ್ಟಿದ್ದು ಅದರಿಂದಲೇ. 2006ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದವರಿಗೆ 2 ವಾರ ಇದನ್ನು ಕೊಟ್ಟು ನೋಡಿತು. ಕೈ ಸುಧಾರಿಸಿತು, ವರ್ಷದ ನಂತರವೂ ಉಳಿದಿತ್ತು. ಆರು ತಿಂಗಳ ಮಾತಿಗೆ ಇದೇ ಉತ್ತರ. ಮೊದಲ ಮೂರು ತಿಂಗಳು ವೇಗ ಜಾಸ್ತಿ, ಆಮೇಲೆ ನಿಧಾನ. ನಿಧಾನ ಅಷ್ಟೇ, ನಿಲ್ಲುವುದಿಲ್ಲ. ಹಾಗಂತ ಎಲ್ಲರ ಕೈಯೂ ಮೊದಲಿನಂತೆ ಆಗುತ್ತದೆ ಎಂದು ಭಾಷೆ ಕೊಡಲಾರೆ.

ನಿಮ್ಮ ಮನೆಯಲ್ಲೇ ಸಾಮಾನು ಇದೆ. ಅಪ್ಪನನ್ನು ಕುರ್ಚಿಯಲ್ಲಿ ನೇರ ಕೂರಿಸಿ, ಎರಡೂ ಪಾದ ನೆಲಕ್ಕೆ ತಾಗಲಿ. ಎದುರಿಗೆ ಮೇಜು, ಅದರ ಮೇಲೆ ಎರಡು ಬುಟ್ಟಿ. ಒಂದರಲ್ಲಿರುವ ಸಿಪ್ಪೆಗೋಟು, ಅಂದರೆ ಸಿಪ್ಪೆ ಸುಲಿಯದ ಒಣ ಅಡಿಕೆ, ಇನ್ನೊಂದಕ್ಕೆ ಹೋಗಬೇಕು, ಬಲಗೈಲೇ. ಕೋಳಿಮೊಟ್ಟೆಗಿಂತ ಚಿಕ್ಕದು, ಸಿಪ್ಪೆ ಒರಟು, ಜಾರುವುದಿಲ್ಲ. ಬಿಡುವಾಗ ಹೆಬ್ಬೆರಳು ಬಿಚ್ಚುತ್ತದಾ ನೋಡಿ. ಬಿಚ್ಚದಿದ್ದರೆ ಮಣಿಕಟ್ಟು ಸ್ವಲ್ಪ ಕೆಳಗೆ ಬಾಗಿಸಿ, ಬೆರಳು ತಾನಾಗಿ ಸಡಿಲವಾಗುತ್ತದೆ. ಅದು ಸುಲಭವಾದ ಮೇಲೆ ಸುಲಿದ ಅಡಿಕೆ, ಆಮೇಲೆ ಹುರುಳಿಕಾಳು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಹತ್ತಿರ ಮಾತ್ರ ಸದ್ಯಕ್ಕೆ ಬಿಡಬೇಡಿ! ಎಡಗೈಗೆ ಗವಸು ಹಾಕುವುದಾದರೆ ಕೂತಾಗ ಮಾತ್ರ. ನಡೆಯುವಾಗ ಕೋಲು ಹಿಡಿಯುವುದು ಆ ಕೈಯೇ ಅಲ್ವಾ?

ಅಮ್ಮನಿಗೂ ಒಂದು ಮಾತು ಹೇಳಿ. ತುತ್ತು ಕೊಡುವುದು ಪ್ರೀತಿಯಿಂದಲೇ, ಗೊತ್ತು. ಆದರೆ ಅಪ್ಪ ದಿನಕ್ಕೆ ಮೂರು ಹೊತ್ತು ಮಾಡಬಹುದಾದ ವ್ಯಾಯಾಮ ಅಲ್ಲೇ ತಪ್ಪಿಹೋಗುತ್ತಿದೆ. ದಪ್ಪ ಹಿಡಿಯ ಚಮಚ ಕೊಡಿ, ಹಿಡಿಗೆ ಬಟ್ಟೆ ಸುತ್ತಿದರೂ ಸಾಕು. ಅನ್ನ ಚೆಲ್ಲಲಿ, ಒರೆಸಿದರಾಯ್ತು.

ಪಾರಿವಾಳವನ್ನು ಅದರ ಪಾಡಿಗೆ ಬಿಡಿ. ತೊಂದರೆ ಆಗಿರುವುದು ತಲೆಯೊಳಗೆ, ಚರ್ಮದ ಮೇಲೆ ಹಚ್ಚಿದ್ದು ಅಲ್ಲಿಗೆ ತಲುಪುವುದಿಲ್ಲ. ಎಣ್ಣೆ ಹಚ್ಚಿ ಹಗುರಕ್ಕೆ ನೀವಿದರೆ ಅಡ್ಡಿಯಿಲ್ಲ. ಬಿಸಿ ಉಪ್ಪಿನ ಶಾಖ ಬೇಡ. ಸ್ಪರ್ಶ ಕಡಿಮೆಯಾದ ಕೈ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು.

ಪ್ರಶ್ನೆ: ಮೈಯ ಎಡಗಡೆಗೆ ಲಕ್ವ ಹೊಡೆದ ಅತ್ತೆ ತಟ್ಟೆಯ ಬಲಭಾಗದ ಅನ್ನ ಮಾತ್ರ ಉಣ್ಣುತ್ತಾರೆ. ಕಣ್ಣಿನ ಡಾಕ್ಟರು ಕಣ್ಣು ಸರಿಯಿದೆ ಎಂದರು. ಹಟವಾ ಇದು?
- ಓದುಗರು, ಹಾಸನ

ಉತ್ತರ: ಹಟ ಅಲ್ಲ. ಮೈಯ ಎಡಗಡೆಗೆ ಲಕ್ವ ಅಂದರೆ ಪೆಟ್ಟು ಬಿದ್ದಿರುವುದು ಮಿದುಳಿನ ಬಲಭಾಗಕ್ಕೆ. ಹಾಗಾದಾಗ ಕೆಲವರಿಗೆ ಎಡಗಡೆ ಎಂಬುದೇ ಲೆಕ್ಕಕ್ಕೆ ಬರುವುದಿಲ್ಲ. ಬೈಯಬೇಡಿ, ತಟ್ಟೆಯನ್ನೂ ಸುಮ್ನೆ ತಿರುಗಿಸಿ ಕೊಡಬೇಡಿ. ತಟ್ಟೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, 'ಕೆಂಪು ಕಾಣುವವರೆಗೆ ತಲೆ ತಿರುಗಿಸಿ ಅತ್ತೆ' ಅನ್ನಿ. ನೀವು ಎಡಗಡೆ ಕೂತು ಮಾತಾಡಿಸಿ. ಬಾಗಿಲು ದಾಟುವಾಗ ಎಡ ಹೆಗಲು ಚೌಕಟ್ಟಿಗೆ ಬಡಿಯದಂತೆ ಆ ಬದಿಯಲ್ಲೇ ನಡೆಯಿರಿ.